ಬಿಷಪ್ಪನ ಗ್ರಂಥವೂ ಸಾಕ್ಷ್ಯದ ಪ್ರಶ್ನೆಯೂ

ಕೆನಡಾದ ವೈಮಾನಿಕ ವೀರನಾದ ಬಿಲ್ಲಿ ಬಿಷಪ್ಪನು 1918ರಲ್ಲಿ ಪ್ರಕಟಿಸಿದ ‘ವಿಂಗ್ಡ್ ವಾರ್‌ಫೇರ್’ ಎಂಬ ಯುದ್ಧಕಥನವು ರಸವತ್ತಾದ ಗ್ರಂಥವೆಂಬುದರಲ್ಲಿ ಸಂದೇಹವಿಲ್ಲ. 1917ನೆಯ ಜೂನ್ 2ರ ಬೆಳಗಿನ ಜಾವದಲ್ಲಿ ಏಕಾಕಿಯಾಗಿ ಜರ್ಮನರ ವಿಮಾನನಿಲ್ದಾಣದ ಮೇಲೆರಗಿ ಮೂರು ವಿಮಾನಗಳನ್ನು ಕೆಡಹಿದ ಸಾಹಸವು ಅದರ ಜೀವಾಳ. ಅದಕ್ಕಾಗಿ ಅವನಿಗೆ ವಿಕ್ಟೋರಿಯಾ ಕ್ರಾಸ್ ಪದಕವೂ ದೊರೆಯಿತು. ಆದರೆ ಸಾಕ್ಷಿ ಯಾರು? ಅವನೊಬ್ಬನೇ! ಉಳಿದಿರುವ ಜರ್ಮನ್ ದಾಖಲೆಗಳಲ್ಲಿ ಅಂತಹ ನಷ್ಟದ ಸುಳಿವಿಲ್ಲ. ಇದನ್ನೂ ಇತರ ಅನುಮಾನಗಳನ್ನೂ ಆಧಾರವಾಗಿ ಹಿಡಿದು ಇತಿಹಾಸಕಾರ ಬ್ರೆರಟನ್ ಗ್ರೀನ್‌ಹೌಸರು 2002ರ ತಮ್ಮ ಗ್ರಂಥದಲ್ಲಿ ಆ ದಾಳಿಯು ಕೇವಲ ಕಲ್ಪಿತವೆಂದು ವಾದಿಸಿದರು.

ಇಲ್ಲಿ ವಿಮರ್ಶಕನು ಕೊಂಚ ತಡೆಯಬೇಕು. ‘ಉಳಿದಿರುವ’ ಎಂಬ ಮಾತನ್ನು ಮರೆಯಲಾಗದು: ಪಾಟ್ಸ್‌ಡ್ಯಾಮಿನ ಸೇನಾ ದಾಖಲೆಭಂಡಾರದ ಬಹುಭಾಗವು 1945ರ ಬಾಂಬುದಾಳಿಯಲ್ಲಿ ಸುಟ್ಟುಹೋಯಿತು. ಜರ್ಮನಿಯ ರಿಖ್ಟ್‌ಹೋಫನ್ನನ 80 ಜಯಗಳಲ್ಲಿ ಬಹುತೇಕವು ಬ್ರಿಟಿಷರ ನಷ್ಟದ ಪಟ್ಟಿಗಳೊಡನೆ ತಾಳೆಯಾಗುತ್ತವೆ. ಅದು ಅವನ ಸತ್ಯನಿಷ್ಠೆಯೊಂದರ ಫಲವಲ್ಲ. ಕಾಳಗವು ಹೆಚ್ಚಾಗಿ ಜರ್ಮನರ ವಶದಲ್ಲಿದ್ದ ನೆಲದ ಮೇಲೆಯೇ ನಡೆದುದರಿಂದ, ಬಿದ್ದ ವಿಮಾನದ ಅವಶೇಷವು ಅವರ ಕೈಗೇ ಸಿಕ್ಕುತ್ತಿತ್ತು. ಬಿಷಪ್ಪನ ಬೇಟೆಯಾದರೋ ಬಹುಮಟ್ಟಿಗೆ ಶತ್ರುವಿನ ನೆಲದಲ್ಲಿಯೇ ಬೀಳುತ್ತಿತ್ತು. ಮೇಲಾಗಿ, ಹತೋಟಿ ತಪ್ಪಿ ಸುತ್ತುತ್ತ ಇಳಿದ ವಿಮಾನವನ್ನೂ ಬ್ರಿಟಿಷರು ಜಯವೆಂದೇ ಎಣಿಸುತ್ತಿದ್ದರು. ಜಾಣನಾದ ಚಾಲಕನು ತಪ್ಪಿಸಿಕೊಳ್ಳುವುದಕ್ಕೆ ಬೇಕೆಂದೇ ಹಾಗೆ ಇಳಿಯುವುದುಂಟು! ಆದುದರಿಂದ ಬಿಷಪ್ಪನ 72ನ್ನು ರಿಖ್ಟ್‌ಹೋಫನ್ನನ 80ರ ಪಕ್ಕದಲ್ಲಿಟ್ಟು ತೂಗುವುದು ಸಲ್ಲದು. ಜೂನ್ 2ರ ಕಥೆಯು ಸಿದ್ಧವಾಗಿಲ್ಲ. ಅದು ಸುಳ್ಳೆಂಬುದೂ ಸಿದ್ಧವಾಗಿಲ್ಲ. ಗ್ರೀನ್‌ಹೌಸರು ಮೊದಲನೆಯದನ್ನು ಚೆನ್ನಾಗಿ ತೋರಿಸಿ, ಎರಡನೆಯದನ್ನೂ ತೋರಿಸಿದಂತಾಯಿತೆಂದು ಭಾವಿಸಿದಂತಿದೆ.