ಅವಸರವಿಲ್ಲದವರ ಬಣ್ಣ

ಹಳೆ ಕಾರಿಗೆ ಹೊಸ ಬಣ್ಣ ಹೊಡೆಸಿದೆ ಎಂದು ಯಾರಾದರೂ ತೋರಿಸಿದರೆ ನಾನು ಬಾನೆಟ್ ನೋಡುವುದಿಲ್ಲ. ಬಾನೆಟ್ ಎಲ್ಲರದ್ದೂ ಹೊಳೆಯುತ್ತದೆ. ಬಾಗಿಲು ತೆಗೆದು ಕೀಲಿನ ಹತ್ತಿರ ಕಣ್ಣು ಹಾಯಿಸುತ್ತೇನೆ, ಗಾಜಿನ ಸುತ್ತಲಿನ ರಬ್ಬರನ್ನು ಉಗುರಿನಿಂದ ತುಸು ಎತ್ತುತ್ತೇನೆ, ಹ್ಯಾಂಡಲ್ ಹಿಂದಿನ ಕುಳಿಯೊಳಗೆ ಬೆರಳಾಡಿಸುತ್ತೇನೆ. ರಬ್ಬರಿನ ಅಂಚಿಗೆ ಸರಿಯಾಗಿ ಬಣ್ಣ ನಿಂತುಬಿಟ್ಟಿದ್ದರೆ ಅದು ಟೇಪ್ ಅಂಟಿಸಿ ಮಾಡಿದ ಕೆಲಸ. ಅಡಿಗೂ ಇಳಿದಿದ್ದರೆ ಬಿಚ್ಚಿ ಮಾಡಿದ ಕೆಲಸ. ಟೇಪಿನ ಕೆಲಸದಲ್ಲಿ ಬಣ್ಣ ಏಳುವುದು ಆ ಗೆರೆಯಿಂದಲೇ. ನೀರು ಅಲ್ಲೇ ನುಗ್ಗುತ್ತದೆ, ತುಕ್ಕು ಅಲ್ಲೇ ಬಾಯಿ ತೆರೆಯುತ್ತದೆ.

ಈ ಪರೀಕ್ಷೆಯಲ್ಲಿ ವರ್ಕ್‌ಶಾಪಿನ ಕೆಲಸ ಸೋತು ಮನೆಯ ಪೋರ್ಟಿಕೋದಲ್ಲಿ ಆದ ಕೆಲಸ ಗೆದ್ದಿದ್ದನ್ನು ಕಂಡಿದ್ದೇನೆ. ಆಶ್ಚರ್ಯವೇನಿಲ್ಲ. ಶಾಪಿನವನಿಗೆ ಒಂದೊಂದು ಗಂಟೆಯೂ ಕೂಲಿ. ಬೀಡಿಂಗ್, ಕನ್ನಡಿ, ಹಿಂದಿನ ಲೈಟು, ಬಂಪರ್ ಎಲ್ಲ ಬಿಚ್ಚಿ ಮತ್ತೆ ಕೂರಿಸುವಷ್ಟು ಹೊತ್ತಿನಲ್ಲಿ ಅವನು ಇನ್ನೊಂದು ಗಾಡಿ ಮುಗಿಸುತ್ತಾನೆ. ಮನೆಯಲ್ಲಿ ಮಾಡುವವರ ಹತ್ತಿರ ಬೂತ್ ಇಲ್ಲ, ಕಂಪ್ರೆಸರ್ ಇಲ್ಲ, ಒಳ್ಳೆಯ ಸ್ಪ್ರೇ ಗನ್ ಇಲ್ಲ. ಇರುವುದು ಭಾನುವಾರಗಳು. ಕಡಿಮೆ ದುಡ್ಡಿನಲ್ಲಿ ಇಡೀ ಗಾಡಿಗೆ ಬಣ್ಣ ಬಳಿಯಬೇಕೆಂದಿದ್ದರೆ ಆ ಭಾನುವಾರಗಳಿಗೆ ಹೊಂದುವ ಬಣ್ಣ ಯಾವುದೆಂದು ಮೊದಲು ನೋಡಬೇಕು.

ನನ್ನ ಉತ್ತರ ಕೇಳಿದರೆ ಪೇಂಟರುಗಳು ನಗುತ್ತಾರೆ: ಕಬ್ಬಿಣದ ಗೇಟಿಗೆ ಹೊಡೆಯುವ ಸಿಂಥೆಟಿಕ್ ಎನಾಮಲ್, ನಾಲ್ಕಿಂಚಿನ ಫೋಮ್ ರೋಲರ್.

ನಗುವ ಮುಂಚೆ ಸ್ವಲ್ಪ ಇತಿಹಾಸ ನೋಡಬೇಕು. ಕಾರಿನ ಬಣ್ಣದ ಚರಿತ್ರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಬಣ್ಣ ಒಣಗಿಸುವ ಚರಿತ್ರೆಯೇ. ಮೊದಮೊದಲ ಕಾರುಗಳಿಗೆ ಕುದುರೆ ಸಾರೋಟಿನಂತೆಯೇ ಬ್ರಶ್ಶಿನಲ್ಲಿ ಬಣ್ಣ, ಮೇಲೆ ವಾರ್ನಿಷ್, ಪದರ ಪದರವಾಗಿ. ಒಂದು ಗಾಡಿ ಮುಗಿಯಲು ವಾರಗಟ್ಟಲೆ ಬೇಕು. ಸಾಲುಸಾಲಾಗಿ ಗಾಡಿ ಇಳಿಸುವ ಅವಸರದಲ್ಲಿ ಫೋರ್ಡ್ ಕಂಪನಿ ಮಾಡೆಲ್ ಟಿ ಕಾರನ್ನು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಷ್ಟೇ ಮಾರಿತು. 1923ರಲ್ಲಿ ಡ್ಯೂಪಾಂಟ್ ಕಂಪನಿಯ ಡ್ಯೂಕೊ ಎಂಬ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಜನರಲ್ ಮೋಟರ್ಸ್‌ನ ಓಕ್ಲಂಡ್ ಕಾರುಗಳ ಮೇಲೆ ಕಾಣಿಸಿಕೊಂಡಾಗ ಆಟವೇ ಬದಲಾಯಿತು. ಗನ್ನಿನಲ್ಲಿ ಹೊಡೆದರೆ ನಿಮಿಷಗಳಲ್ಲಿ ಒಣಗುವ, ಬೇಕಾದ ಬಣ್ಣದಲ್ಲಿ ಸಿಗುವ ಪೇಂಟ್. (ನಮ್ಮ ಬಡಗಿಗಳು ವಾರ್ಡ್‌ರೋಬಿಗೆ ಇವತ್ತಿಗೂ ‘ಡ್ಯೂಕೊ ಫಿನಿಶ್ ಕೊಡ್ಲಾ ಸಾರ್’ ಎಂದು ಕೇಳುವುದು ಅದೇ ಡ್ಯೂಕೊ.) ಇಷ್ಟೆಲ್ಲ ಧಾವಂತ ಕಾರ್ಖಾನೆಯದು. ಲೈನಿನಲ್ಲಿ ಹಿಂದೆ ಇನ್ನೊಂದು ಕಾರು ಕಾಯುತ್ತಿರುತ್ತದೆ. ನಿಮ್ಮ ಪೋರ್ಟಿಕೋದಲ್ಲಿ ಯಾವುದೂ ಕಾಯುತ್ತಿಲ್ಲ. ಎನಾಮಲ್ಲಿನ ದೊಡ್ಡ ದೋಷವೆಂದರೆ ನಿಧಾನವಾಗಿ ಒಣಗುವುದು. ಅದು ಥಿನ್ನರ್ ಹಾರಿಹೋದ ಮಾತ್ರಕ್ಕೆ ಗಟ್ಟಿಯಾಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಒಳಗೊಳಗೇ ಗಟ್ಟಿಯಾಗುತ್ತ ಹೋಗಬೇಕು. ಆ ನಿಧಾನದಿಂದಲೇ ರೋಲರಿನ ಗುರುತುಗಳು ತಾವಾಗಿ ಹರಿದು ಸಮವಾಗಲು ಹೊತ್ತು ಸಿಗುತ್ತದೆ. ಬೇಗ ಒಣಗುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟನ್ನು ರೋಲರಿನಲ್ಲಿ ಹಚ್ಚಿ ನೋಡಿ, ಗೊತ್ತಾಗುತ್ತದೆ.

ಕೈಗೆ ಸಿಕ್ಕ ಗಾಡಿ ಮಾರುತಿ 800 ಎಂದಿಟ್ಟುಕೊಳ್ಳೋಣ. 1983ರ ಡಿಸೆಂಬರಿನಿಂದ 2014ರ ಜನವರಿಯವರೆಗೆ ತಯಾರಾದ ಕಾರು. ಇವತ್ತು ಮಾರಲು ಹೋದರೆ ಬರುವ ಬೆಲೆಗಿಂತ ಪೂರ್ತಿ ಪೇಂಟಿಂಗಿನ ಖರ್ಚೇ ಹೆಚ್ಚಾದೀತು. ಸಣ್ಣ ಗಾಡಿ, ಹೆಚ್ಚಿನ ಪ್ಯಾನೆಲ್‌ಗಳು ಚಪ್ಪಟೆ. ರೋಲರಿಗೆ ಹೇಳಿ ಮಾಡಿಸಿದಂತಿದೆ.

ಮೊದಲು ಬಿಚ್ಚಿ. ಬಂಪರ್, ಗ್ರಿಲ್, ಲೈಟು, ವೈಪರ್, ಬೀಡಿಂಗ್, ಹ್ಯಾಂಡಲ್, ನಂಬರ್ ಪ್ಲೇಟು. ಒಂದೊಂದರ ಸ್ಕ್ರೂಗಳನ್ನೂ ಬೇರೆ ಬೇರೆ ಕವರಿನಲ್ಲಿ ಹಾಕಿ ಮೇಲೆ ಹೆಸರು ಬರೆಯಿರಿ. ಕ್ಲಿಪ್ಪುಗಳು ಮುರಿದೇ ಮುರಿಯುತ್ತವೆ; ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತವೆ. ಮುಂದಿನ ಗಾಜನ್ನು ತೆಗೆಯುವ ಸಾಹಸ ಬೇಡ, ಅದಕ್ಕೊಂದು ಉಪಾಯವಿದೆ. ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಹಗ್ಗವನ್ನು ರಬ್ಬರಿನ ತುಟಿಯಡಿ ಸುತ್ತಲೂ ತುರುಕುತ್ತ ಹೋದರೆ ರಬ್ಬರು ಎದ್ದು ನಿಲ್ಲುತ್ತದೆ. ಉಜ್ಜುವುದೂ ಬಳಿಯುವುದೂ ಅದರಡಿಗೆ ತಲುಪುತ್ತದೆ. ಬಣ್ಣ ಒಣಗಿದ ಮೇಲೆ ಹಗ್ಗ ಎಳೆದರೆ ರಬ್ಬರು ಬಣ್ಣದ ಮೇಲೆ ಬಂದು ಕೂರುತ್ತದೆ. ನಾನು ಉಗುರು ಹಾಕಿ ನೋಡುವುದು ಇದನ್ನೇ.

ಬಾಗಿಲಿನ ಕೆಳ ಅಂಚನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತ ಹೋಗಿ. ಟಣ್ ಅನ್ನುವ ಕಡೆ ತಗಡಿದೆ, ಮಂಕಾಗಿ ಸದ್ದು ಬಂದ ಕಡೆ ಹಿಂದಿನವರು ಪಟ್ಟಿ ಎಂಬ ಪೇಸ್ಟ್ ತುಂಬಿ ತುಕ್ಕು ಮುಚ್ಚಿದ್ದಾರೆ. ಆ ಕೆಳ ಅಂಚಿನಲ್ಲಿ ನೀರು ಇಳಿಯಲು ಬಿಟ್ಟಿರುವ ಸಣ್ಣ ತೂತುಗಳು ಮಣ್ಣು ಕಟ್ಟಿಕೊಂಡಿರುತ್ತವೆ. ಬಾಗಿಲು ಕೊಳೆಯುವುದಕ್ಕೆ ಅದೇ ಮೂಲ. ತಂತಿ ಹಾಕಿ ಬಿಡಿಸಿ, ಬಣ್ಣ ಬಳಿಯುವಾಗ ಮತ್ತೆ ಮುಚ್ಚಬೇಡಿ. ತಗಡೇ ತಿಂದುಹೋಗಿದ್ದರೆ ಟಿಂಕರಿಂಗ್‌ನವರ ಹತ್ತಿರ ಹೋಗಿ ತುಂಡು ಹಾಕಿಸಿ, ಆ ಖರ್ಚು ಉಳಿಸುವಂಥದ್ದಲ್ಲ. ಬರಿ ತಗಡು ಕಂಡಲ್ಲಿ ರೆಡ್ ಆಕ್ಸೈಡ್ ಪ್ರೈಮರ್. ಪಟ್ಟಿ ಹಾಕಿ ಉಜ್ಜಿದ ಜಾಗಕ್ಕೂ ಪ್ರೈಮರ್ ಕಡ್ಡಾಯ. ಇಲ್ಲದಿದ್ದರೆ ಪಟ್ಟಿ ಬಣ್ಣದ ಎಣ್ಣೆಯನ್ನು ಹೀರಿಕೊಂಡು, ಹೊಳೆಯುವ ಬಾಗಿಲಿನ ನಡುವೆ ಮಂಕು ತೇಪೆ ಏಳುತ್ತದೆ.

ಇನ್ನು ಉಜ್ಜುವುದು. ಒಂದು ಬಕೆಟ್ ನೀರು, ಅದಕ್ಕೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು, 320 ನಂಬರಿನ ವಾಟರ್ ಪೇಪರ್. ಪೇಪರನ್ನು ಬೆರಳಲ್ಲಿ ಒತ್ತಿದರೆ ಬೆರಳಿನಗಲದ ಹಳ್ಳಗಳು ಬೀಳುತ್ತವೆ. ಹಳೆಯ ಹವಾಯಿ ಚಪ್ಪಲಿಯ ತುಂಡಿಗೆ ಸುತ್ತಿಕೊಂಡು ಉಜ್ಜುವುದು ನಮ್ಮ ಪೇಂಟರುಗಳ ರೂಢಿ, ಅಷ್ಟು ಮೆತ್ತಗೆ ಅಷ್ಟು ಗಟ್ಟಿ ಇರುವ ಬ್ಲಾಕ್ ನನಗಂತೂ ಬೇರೆ ಸಿಕ್ಕಿಲ್ಲ. ನೀರು ಹಾಕುತ್ತ ಉಜ್ಜಿದರೆ ಧೂಳು ಹಾರುವುದಿಲ್ಲ. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದಾದ್ದರಿಂದ ಇದು ಮುಖ್ಯ. ಕಾರಿನದೇ ಬಣ್ಣದ ಹಾಲು ಇಳಿಯುತ್ತದೆ, ಒರೆಸಿ ನೋಡಿ, ಹೊಳೆಯುವ ಚುಕ್ಕೆ ಉಳಿದಿದ್ದರೆ ಅಲ್ಲಿ ಹೊಸ ಬಣ್ಣ ಹಿಡಿಯುವುದಿಲ್ಲ. ಏರುತಗ್ಗು ಕಣ್ಣಿಗೆ ಕಾಣುವ ಮೊದಲೇ ಅಂಗೈಗೆ ತಿಳಿಯುತ್ತದೆ. ಅಂಗೈ ಅಡಿಯಲ್ಲಿ ತೆಳು ಬಟ್ಟೆಯೊಂದನ್ನು ಇಟ್ಟು ಸವರಿದರೆ ಇನ್ನೂ ಚೆನ್ನಾಗಿ.

ಬಳಿಯುವುದು ಇದೆಲ್ಲಕ್ಕಿಂತ ಸಲೀಸು. ಎನಾಮಲ್‌ಗೆ ಟರ್ಪೆಂಟೈನನ್ನೇ ಬೆರೆಸಬೇಕು, ಎನ್‌ಸಿ ಥಿನ್ನರ್ ಸಲ್ಲ. ಕಡ್ಡಿ ಅದ್ದಿ ಎತ್ತಿದರೆ ಹಾಲಿಗಿಂತ ತುಸು ಮಂದವಾಗಿ ಇಳಿಯಬೇಕು. ರೋಲರನ್ನು ಒತ್ತದೆ ಒಂದು ಪ್ಯಾನೆಲ್ ಪೂರ್ತಿ ಉರುಳಿಸಿ, ಕೂಡಲೇ ಒಣ ಫೋಮ್ ಬ್ರಶ್ಶಿನ ತುದಿಯಿಂದ ಒಂದೇ ದಿಕ್ಕಿಗೆ ಸವರಿದರೆ ಗುಳ್ಳೆಗಳು ಒಡೆಯುತ್ತವೆ. ದೋಣಿಗಳಿಗೆ ಬಣ್ಣ ಹಚ್ಚುವವರು ಇದೇ ಕ್ರಮದಲ್ಲಿ ಕನ್ನಡಿಯಂಥ ಮೈ ತರುತ್ತಾರೆ. ಮೊದಲ ಕೋಟ್ ನೋಡಿದರೆ ಅಳು ಬರುತ್ತದೆ, ಹಳೆ ಬಣ್ಣ ಇಣುಕುತ್ತಿರುತ್ತದೆ. ಹೆದರಿ ದಪ್ಪ ಬಳಿದರೆ ಬಣ್ಣ ಇಳಿಬಿದ್ದು ಸೋರುತ್ತದೆ. ತೆಳುವಾಗಿ ಐದಾರು ಕೋಟ್, ಕೋಟಿಗೂ ಕೋಟಿಗೂ ನಡುವೆ ಕನಿಷ್ಠ ಒಂದು ದಿನ, ಎರಡು ಕೋಟಿಗೊಮ್ಮೆ 600 ಅಥವಾ 800ರ ಪೇಪರ್. ನಾಲ್ಕು ಲೀಟರಿನ ಒಂದು ಡಬ್ಬಿ ಮಾರುತಿ 800ಕ್ಕೆ ಸಾಕು. ಕೊನೆಯ ಕೋಟ್ ಚೆನ್ನಾಗಿ ಗಟ್ಟಿಯಾಗಲು ಕೆಲವು ವಾರ ಬಿಟ್ಟು 1000, 1500, 2000 ಎಂದು ಏರುತ್ತ ಉಜ್ಜಿ ರಬ್ಬಿಂಗ್ ಕಾಂಪೌಂಡ್ ಹಾಕಿದರೆ ಹತ್ತು ಅಡಿ ದೂರದಿಂದ ಯಾರೂ ರೋಲರ್ ಅನ್ನುವುದಿಲ್ಲ. ಎರಡು ಅಡಿ ಹತ್ತಿರ ಬಂದವರು ಅನ್ನುತ್ತಾರೆ. ಅನ್ನಲಿ.

ಕಾಲ ನೋಡಿ ಶುರು ಮಾಡಿ. ಮಳೆಗಾಲದಲ್ಲಿ ಒಣಗುವುದಿಲ್ಲ, ಜೊತೆಗೆ ಹುಳುಗಳ ಕಾಟ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಬಯಲುಸೀಮೆಗೆ ಒಳ್ಳೆಯ ಸಮಯ. ಇಬ್ಬನಿ ಆರಿದ ಮೇಲೆ ಬಳಿಯಲು ತೊಡಗಿ, ಮಧ್ಯಾಹ್ನದೊಳಗೆ ನಿಲ್ಲಿಸಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಣ್ಣ ಮುಟ್ಟಿದರೆ ಅಂಟಬಾರದು. ನೇರ ಬಿಸಿಲೂ ಕೂಡದು, ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ.

ಬಣ್ಣದ ಆಯ್ಕೆಯಲ್ಲಿ ನನ್ನ ಹಟ ಸ್ವಲ್ಪ ಜಾಸ್ತಿ. ಮೆಟಾಲಿಕ್ ಬಣ್ಣ ಮನೆಯಲ್ಲಿ ಬೇಡವೇ ಬೇಡ. ಅದರೊಳಗಿನ ಅಲ್ಯೂಮಿನಿಯಂ ಚೂರುಗಳು ರೋಲರಿನಡಿ ದಿಕ್ಕು ತಪ್ಪಿ ಮಲಗಿ ಕಾರಿಡೀ ಕಲೆ ಕಲೆಯಾಗುತ್ತದೆ. ಕಪ್ಪು ಬಣ್ಣ ಒಂದು ಗೀರನ್ನೂ ಮುಚ್ಚಿಡುವುದಿಲ್ಲ. ಎನಾಮಲ್ಲಿನ ಬಿಳಿ ಕಾಲಕ್ರಮೇಣ ಹಳದಿಗೆ ತಿರುಗುತ್ತದೆ, ಅದೂ ಬಿಸಿಲು ಬೀಳುವ ಛಾವಣಿಗಿಂತ ಕತ್ತಲಲ್ಲಿರುವ ಬಾಗಿಲಿನ ಒಳಅಂಚು ಬೇಗ. ಆದ್ದರಿಂದ ಮೊದಲೇ ಕೆನೆ ಬಣ್ಣ, ಇಲ್ಲವೇ ಬೂದು, ಮಾಸಲು ನೀಲಿ. ಮಿಲಿಟರಿ ಜೀಪಿನ ಆಲಿವ್ ಹಸಿರಿನ ಮೇಲೆ ಆಸೆಪಡುವವರು ಬಹಳ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅದು ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ಉಳಿದ ಬಣ್ಣಗಳೂ ಆರ್‌ಸಿಯಲ್ಲಿ ದಾಖಲಾಗಿರುತ್ತವೆ, ಬದಲಾಯಿಸುವುದಾದರೆ ಡಬ್ಬಿ ತೆರೆಯುವ ಮೊದಲೇ ಆರ್‌ಟಿಒಗೆ ಹೋಗಿ ಬನ್ನಿ. ಇದ್ದ ಬಣ್ಣವನ್ನೇ ಉಳಿಸಿಕೊಂಡರೆ ಆ ಓಡಾಟವೂ ಇಲ್ಲ.

ಕಲಾಸಿಪಾಳ್ಯದ ಹಿರಿಯ ಪೇಂಟರೊಬ್ಬರ ಮುಂದೆ ಇದನ್ನೆಲ್ಲ ಹೇಳಿದಾಗ ಅವರು ಒಪ್ಪಲಿಲ್ಲ. “ಸಾರ್, ನಿಮ್ ಎನಾಮಲ್ ಮೇಲೆ ನಮ್ ಥಿನ್ನರ್ ಬಿದ್ರೆ ಸುಕ್ಕು ಎದ್ದುಬಿಡುತ್ತೆ. ನಾಳೆ ಆ ಗಾಡಿ ನಮ್ಮತ್ರಾನೇ ಬರುತ್ತೆ, ಪೂರ್ತಿ ಕೆರೆದು ಹಾಕ್ಬೇಕು. ಆ ಕೂಲಿ ಯಾರು ಕೊಡ್ತಾರೆ?” ಎಂದರು. ಮಾತು ನಿಜ. ಒಮ್ಮೆ ಎನಾಮಲ್ ಹಾದಿ ಹಿಡಿದರೆ ಮುಂದೆಯೂ ಅದೇ ಹಾದಿ. ಪೆಟ್ರೋಲ್ ಚೆಲ್ಲಿದರೆ ಮೆತ್ತಗಾಗುತ್ತದೆ, ಟ್ಯಾಂಕಿನ ಮುಚ್ಚಳದ ಸುತ್ತ ಬಣ್ಣ ಮೊದಲು ಕೆಡುವುದು ಅದಕ್ಕೇ. ಕೆಲವು ವರ್ಷಗಳಲ್ಲಿ ಬಾನೆಟ್ಟಿನ ಮೇಲೆ ಕೈಯಾಡಿಸಿದರೆ ಸೀಮೆಸುಣ್ಣದಂಥ ಪುಡಿ ಅಂಟುತ್ತದೆ. ಆಗ ಆ ಪ್ಯಾನೆಲನ್ನಷ್ಟೇ ಉಜ್ಜಿ ಮತ್ತೊಂದು ಕೋಟ್ ಬಳಿಯಬಹುದು, ರೋಲರೂ ಡಬ್ಬಿಯೂ ಮನೆಯಲ್ಲೇ ಇರುತ್ತವೆ. ಹಾಗಾದರೆ ಕಂಪ್ರೆಸರ್ ಬಾಡಿಗೆಗೆ ತಂದು ಹಾರ್ಡ್‌ನರ್ ಬೆರೆಸಿದ ಪಿಯು (ಪಾಲಿಯುರೆಥೇನ್) ಪೇಂಟನ್ನೇ ಮನೆಯಲ್ಲಿ ಹೊಡೆದರೇನು ಎಂದು ಕೇಳುವವರಿದ್ದಾರೆ. ಆ ಹಾರ್ಡ್‌ನರಿನಲ್ಲಿ ಐಸೋಸಯನೇಟ್ ಇರುತ್ತದೆ. ಅದರ ಮಂಜು ಉಸಿರಿಗೆ ಹೋದರೆ ಜೀವಮಾನಕ್ಕೆ ಅಂಟುವ ಆಸ್ತಮಾ ಬಂದೀತು. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ, ಹೊರಗಿನ ಶುದ್ಧ ಗಾಳಿ ಕೊಳವೆಯಲ್ಲಿ ಬರುವ ಮುಖವಾಡ ಬೇಕು. ಮಕ್ಕಳು ಆಡುವ ಪೋರ್ಟಿಕೋದಲ್ಲಿ ಅದನ್ನು ಹೊಡೆಯುವವರ ಜೊತೆ ನನಗೆ ವಾದವಿಲ್ಲ, ಜಗಳವೇ.

ಎನಾಮಲ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಒಳಗೇ ಬಿಸಿಯೇರಿ ತಾವಾಗಿ ಹೊತ್ತಿಕೊಳ್ಳಬಲ್ಲವು, ಹರಡಿ ಒಣಗಿಸಿ. ಮೊದಲ ತಿಂಗಳು ಗಾಡಿಗೆ ಕವರ್ ಹೊದಿಸಿದರೆ ಬಟ್ಟೆಯ ನೇಯ್ಗೆ ಬಣ್ಣದ ಮೇಲೆ ಅಚ್ಚೊತ್ತುತ್ತದೆ. ಮಗನ ಹೆಸರಿನ ಸ್ಟಿಕರ್ ಅಂಟಿಸಬೇಕೆಂದಿದ್ದರೂ ಅಷ್ಟು ದಿನ ತಡೆಯಿರಿ, ಗಾಜಿಗೆ ಅಂಟಿಸುವುದಾದರೆ ಇವತ್ತೇ ಅಂಟಿಸಬಹುದು.