ಬಾಡಿಲ್ಲದ ಬಾಡಿನೆಸರು

ಶ್ರಾವಣದಲ್ಲಿ ನಮ್ಮ ಮನೆಗೆ ಬಾಡು ಬರುವುದಿಲ್ಲ, ಬಾಡಿನ ಮಸಾಲೆಗೆ ಮಾತ್ರ ರಜೆಯಿಲ್ಲ. ಅವ್ವ ಧನಿಯ, ಚಕ್ಕೆ, ಲವಂಗ, ಗಸಗಸೆ ಹುರಿದು, ಈರುಳ್ಳಿ ಬೆಳ್ಳುಳ್ಳಿ ಬಾಡಿಸಿ, ಕಾಯಿ ಹಾಕಿ ರುಬ್ಬಿ, ಮೊಳಕೆ ಬಂದ ಹುರುಳಿಕಾಳಿನ ಮೇಲೆ ಸುರಿದಳೆಂದರೆ ಓಣಿಯ ತುದಿಯವರೆಗೂ ಘಮ ಹೋಗುತ್ತದೆ. ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ ಕತ್ತು ಚಾಚಿ, 'ಏನಕ್ಕಾ, ಶ್ರಾವಣ ಮುಗಿದೋಯ್ತಾ?' ಎಂದು ಕೇಳುವುದು ಪ್ರತಿವರ್ಷದ ಪದ್ಧತಿ. ಆ ಸಾರಿಗೆ ನಮ್ಮ ಮಂಡ್ಯ ಸೀಮೆಯಲ್ಲಿ ಬೇರೆ ಹೆಸರಿಲ್ಲ. ನಾನು ಇಟ್ಟುಕೊಂಡ ಹೆಸರು ಬಾಡಿಲ್ಲದ ಬಾಡಿನೆಸರು.

ಇಟಲಿಯ ಟಸ್ಕನಿ ಪ್ರಾಂತ್ಯದ ರೈತರು ಇಂಥದ್ದೇ ಒಂದು ಪದಾರ್ಥಕ್ಕೆ ಹೆಸರು ಕೊಟ್ಟಿದ್ದಾರೆ: ಸುಗೊ ಫಿಂತೊ. ಸುಗೊ ಎಂದರೆ ರಸ, ನಮ್ಮ ಎಸರು. ಫಿಂತೊ ಎಂದರೆ ಸುಳ್ಳು, ಸೋಗು ಹಾಕಿದ್ದು. ಸುಗೊ ಸ್ಕಪ್ಪಾತೊ ಎನ್ನುವವರೂ ಇದ್ದಾರೆ. ಸ್ಕಪ್ಪಾತೊ ಎಂದರೆ ತಪ್ಪಿಸಿಕೊಂಡು ಓಡಿದ್ದು. ಓಡಿದ್ದು ಮಾಂಸ, ಉಳಿದದ್ದು ಎಸರು. ಕೈಯಲ್ಲಿ ಕಾಸಿಲ್ಲದವರು ಮಾತ್ರ ಇಷ್ಟು ಚೆನ್ನಾಗಿ ತಮಾಷೆ ಮಾಡಬಲ್ಲರು. ಟಸ್ಕನಿಯ ಬಹುಪಾಲು ರೈತರು ಇಪ್ಪತ್ತನೇ ಶತಮಾನದ ಮಧ್ಯದವರೆಗೂ ಮೆಝಾದ್ರಿಯಾ ಎಂಬ ಪದ್ಧತಿಯಲ್ಲಿ ದುಡಿದವರು. ಬೆಳೆದದ್ದರಲ್ಲಿ ಅರ್ಧ ಜಮೀನಿನ ಒಡೆಯನಿಗೆ, ಅರ್ಧ ತಮಗೆ. ನಮ್ಮ ಕಡೆ ವಾರಕ್ಕೆ ಮಾಡುವುದು ಎನ್ನುತ್ತಿದ್ದೆವಲ್ಲ, ಅದೇ. ಅಲ್ಲಿ 1964ರ ಕಾನೂನು ಹೊಸ ಮೆಝಾದ್ರಿಯಾ ಕರಾರುಗಳನ್ನು ನಿಲ್ಲಿಸಿತು. ಇಲ್ಲಿ 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಗೇಣಿಗೆ ಕೊನೆ ಹಾಡಿತು. ಟಸ್ಕನಿಯ ಆ ರೈತರ ಮನೆಗಳಲ್ಲಿ ಮಾಂಸ ಹಬ್ಬಕ್ಕೆ ಮಾತ್ರ. ಜೊತೆಗೆ ಕ್ಯಾಥೊಲಿಕ್ ಪದ್ಧತಿಯ ಶುಕ್ರವಾರಗಳು, ಈಸ್ಟರಿಗೆ ಮುಂಚಿನ ಉಪವಾಸದ ವಾರಗಳು. ಬಡತನ ಮತ್ತು ವ್ರತ ಎರಡೂ ಸೇರಿ ಅಡುಗೆ ಕಲಿಸಿದವು.

ಈ ಸಾಸನ್ನು ನಾನು ಕಲಿತದ್ದು ತಪ್ಪಿನಿಂದ. ಮೊದಲ ಸಲ ಮಾಂಸದ ಜಾಗದಲ್ಲಿ ಏನಾದರೂ ಇರಲೇಬೇಕೆಂದು ಸೋಯಾ ಚಂಕ್ಸ್ ನೆನೆಸಿ, ಹಿಂಡಿ, ಪುಡಿ ಮಾಡಿ ಹಾಕಿದೆ. ಈರುಳ್ಳಿ, ಕ್ಯಾರೆಟ್ಟು, ಟೊಮ್ಯಾಟೊ ಮಿಕ್ಸಿಗೆ. ನಂತರ ಕುಕ್ಕರಿನಲ್ಲಿ ಮೂರು ಕೂಗು. ಪಿಜ್ಜಾ ಜೊತೆ ಬಂದು ಡ್ರಾಯರು ತುಂಬಿಕೊಂಡಿದ್ದ ಒರೆಗಾನೊ ಪೊಟ್ಟಣಗಳಲ್ಲಿ ನಾಲ್ಕನ್ನು ಹರಿದು ಉದುರಿಸಿದ್ದೂ ಆಯಿತು. ಮಗಳು ಒಂದು ತುತ್ತು ತಿಂದು, 'ಅಪ್ಪಾ, ಪಾವ್ ಎಲ್ಲಿ?' ಎಂದಳು. ಪಾವ್‌ಭಾಜಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ನಾನು ಮಾಡಲು ಹೊರಟದ್ದು ಅದಲ್ಲ.

ತಪ್ಪು ಎಲ್ಲಿತ್ತೆಂದು ತಿಳಿಯಲು ಎರಡು ವರ್ಷ ಹಿಡಿಯಿತು. ಮಾಂಸದ ಸಾಸಿನ ರುಚಿ ಮಾಂಸದ್ದೇ ಎಂದು ನಾವು ನಂಬಿಬಿಟ್ಟಿದ್ದೇವೆ. ಬೊಲೊನ್ಯಾ ನಗರದ ಪ್ರಸಿದ್ಧ ರಗು ತೆಗೆದುಕೊಳ್ಳಿ. ಅದರ ಪಾಕವಿಧಾನವನ್ನು ಇಟಲಿಯ ಪಾಕ ಅಕಾಡೆಮಿ 1982ರ ಅಕ್ಟೋಬರ್ 17ರಂದು ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ದಾಖಲೆ ಮಾಡಿ ಇಟ್ಟಿದೆ, ನಾವು ಸೈಟಿನ ಪತ್ರ ನೋಂದಾಯಿಸುವ ಹಾಗೆ. ಆ ಪಟ್ಟಿಯಿಂದ ದನದ ಮಾಂಸ ಮತ್ತು ಹಂದಿಯ ಕೊಬ್ಬನ್ನು ಹೊಡೆದುಹಾಕಿ ನೋಡಿ. ಮುಖ್ಯವಾಗಿ ಈರುಳ್ಳಿ, ಕ್ಯಾರೆಟ್ಟು, ಸೆಲರಿ, ವೈನು, ಟೊಮ್ಯಾಟೊ ಉಳಿಯುತ್ತವೆ. ಟಸ್ಕನಿಯವರು ಹಿಡಿದುಕೊಂಡದ್ದು ಉಳಿದ ಈ ಭಾಗವನ್ನೇ. ಮಾಂಸದ ಬದಲಿಗೆ ಇನ್ನೊಂದನ್ನು ಅವರು ಹುಡುಕಲಿಲ್ಲ. ತರಕಾರಿಯ ಪ್ರಮಾಣ ಹೆಚ್ಚಿಸಿ, ಹುರಿಯುವ ಹೊತ್ತನ್ನು ಉದ್ದ ಮಾಡಿದರು.

ಹಸಿಯಾಗಿ ಕೊಚ್ಚಿಟ್ಟ ಈ ತರಕಾರಿ ಮಿಶ್ರಣಕ್ಕೆ ಬತ್ತುತೊ ಎನ್ನುತ್ತಾರೆ. ಎಣ್ಣೆಯಲ್ಲಿ ಹುರಿದ ಮೇಲೆ ಅದೇ ಸೊಫ್ರಿತ್ತೊ. ನಮ್ಮ ಒಗ್ಗರಣೆ ಅರ್ಧ ನಿಮಿಷದ ಕೆಲಸ, ಸಾಸಿವೆ ಸಿಡಿದರೆ ಮುಗಿಯಿತು. ಸೊಫ್ರಿತ್ತೊ ನಲವತ್ತು ನಿಮಿಷ ಬೇಡುತ್ತದೆ. ನಾಲ್ಕು ಜನಕ್ಕೆ ನನ್ನ ಲೆಕ್ಕ ಇದು: ಈರುಳ್ಳಿ 250 ಗ್ರಾಂ, ಕ್ಯಾರೆಟ್ಟು 150, ಸೆಲರಿ 100, ಒಂದು ಹಿಡಿ ಪಾರ್ಸ್ಲಿ, ಎರಡು ಎಸಳು ಬೆಳ್ಳುಳ್ಳಿ. ಎಲ್ಲವೂ ಅಕ್ಕಿನುಚ್ಚಿಗಿಂತ ತುಸು ದಪ್ಪಗೆ ಕೊಚ್ಚಿದ್ದಿರಬೇಕು. ಟಸ್ಕನಿಯ ಹೆಂಗಸರು ಇದಕ್ಕೆ ಎರಡು ಹಿಡಿಯಿರುವ, ಅರ್ಧಚಂದ್ರದಂಥ ಕತ್ತಿಯನ್ನು ತೂಗಾಡಿಸುತ್ತಾರೆ. ಅದರ ಹೆಸರೇ ಮೆಝಲೂನ, ಅರೆಚಂದಿರ. ಬಾಗಿದ ಅಲಗಿನ ಈಳಿಗೆಮಣೆ ಬಳಸಿ ಗೊತ್ತಿದ್ದವರಿಗೆ ಆ ಕತ್ತಿ ಅಪರಿಚಿತ ಅನಿಸುವುದಿಲ್ಲ. ಮಿಕ್ಸಿ ಮಾತ್ರ ಬೇಡವೇ ಬೇಡ. ಅದು ತರಕಾರಿಯನ್ನು ಜಜ್ಜಿ ನೀರು ಬಿಡಿಸುತ್ತದೆ. ನೀರು ಇರುವಷ್ಟು ಹೊತ್ತು ಬಾಣಲೆಯಲ್ಲಿರುವುದು ನೂರು ಡಿಗ್ರಿ ದಾಟದು, ಅಂದರೆ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಕಂದು ಬಣ್ಣ, ಅದರ ಜೊತೆಗೆ ಬರುವ ಆ ಮಾಂಸದಂಥ ಘಮ, ಇವು ಚುರುಕಾಗಿ ಹುಟ್ಟುವುದು ಸುಮಾರು 140 ಡಿಗ್ರಿಯ ಆಚೆಗೆ. ನನ್ನ ಮೊದಲ ಸಾಸು ಆ ಗಡಿಯನ್ನು ಕಂಡೇ ಇರಲಿಲ್ಲ. ಕುಕ್ಕರಿನ ತೊಂದರೆಯೂ ಇದೇ: ಮುಚ್ಚಿದ ಪಾತ್ರೆಯಿಂದ ನೀರು ಎಲ್ಲಿಗೆ ಹೋಗಬೇಕು?

ಅಗಲ ಬಾಯಿಯ, ದಪ್ಪ ತಳದ ಬಾಣಲೆ ಬೇಕು. ಆರು ದೊಡ್ಡ ಚಮಚ ಎಣ್ಣೆ. ಜಿಪುಣತನ ಮಾಡುವ ಜಾಗವಲ್ಲ ಇದು, ಓಡಿಹೋದ ಮಾಂಸದ ಜೊತೆ ಕೊಬ್ಬೂ ಓಡಿಹೋಗಿದೆಯಲ್ಲ! ಪೂರ್ತಿ ಆಲಿವ್ ಎಣ್ಣೆ ದುಬಾರಿಯೆನಿಸಿದರೆ ಅರ್ಧ ಸೂರ್ಯಕಾಂತಿ ಎಣ್ಣೆ ಸೇರಿಸಿ, ಒಳ್ಳೆಯದನ್ನು ಕೊನೆಗೆ ಹಸಿಯಾಗಿ ಹಾಕಲು ಉಳಿಸಿಕೊಳ್ಳಿ. ತರಕಾರಿ ಹಾಕಿ, ಚಿಟಿಕೆ ಉಪ್ಪು ಹಾಕಿ, ಮಧ್ಯಮಕ್ಕಿಂತ ಕಡಿಮೆ ಉರಿ. ಮೊದಲ ಹತ್ತು ನಿಮಿಷ ಸುಯ್ಯೆನ್ನುತ್ತದೆ, ಅದು ನೀರಿನ ಸದ್ದು. ಇಪ್ಪತ್ತನೇ ನಿಮಿಷಕ್ಕೆ ಸದ್ದು ಸಣ್ಣಗಾಗಿ ಚಿಟಿಚಿಟಿ ಎನ್ನತೊಡಗುತ್ತದೆ. ಮೂವತ್ತಕ್ಕೆ ತಳದಲ್ಲಿ ಕಂದು ಪೊರೆ ಹಿಡಿಯುತ್ತದೆ. ಗಾಬರಿಯಾಗಿ ನೀರು ಸುರಿಯಬೇಡಿ, ಮರದ ಸೌಟಿನಿಂದ ಕೆರೆದು ಮೇಲೆ ತನ್ನಿ. ಮತ್ತೆ ಹಿಡಿಯಲಿ, ಮತ್ತೆ ಕೆರೆಯಿರಿ. ಸೀದದ್ದಕ್ಕೂ ಹಿಡಿದದ್ದಕ್ಕೂ ಕೂದಲೆಳೆಯ ಅಂತರ, ಮೂಗು ತಿಳಿಸುತ್ತದೆ. ರಾಶಿ ಹಾಕಿದ ತರಕಾರಿ ಮೂರನೇ ಒಂದು ಭಾಗಕ್ಕೆ ಇಳಿದು, ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಎಣ್ಣೆ ಬಿಟ್ಟುಕೊಳ್ಳುತ್ತದೆ. ಅವ್ವ ಬಾಡಿನ ಮಸಾಲೆ ಹುರಿಯುವಾಗ ಗಡಿಯಾರ ನೋಡಿದವಳಲ್ಲ. 'ಎಣ್ಣೆ ಬಿಟ್ಕೊಬೇಕು ಕಣಪ್ಪ, ಅಲ್ಲೀಗಂಟ ಬಿಡಬ್ಯಾಡ' ಎನ್ನುವುದೊಂದೇ ಅವಳ ಅಳತೆ. ನಾನು ಪುಸ್ತಕಗಳಲ್ಲಿ ಹುಡುಕಾಡಿದ ಗುರುತು ಐವತ್ತು ವರ್ಷದಿಂದ ನಮ್ಮ ಒಲೆಯ ಮೇಲೆಯೇ ಇತ್ತು.

ಸೆಲರಿಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಸಿಗುವುದು ಬಡಕಲು, ಎಲೆ ಹೆಚ್ಚು, ಘಾಟು ಹೆಚ್ಚು. ಓಮದ ನೆಂಟ ಅದು, ಒಂದೇ ಕುಟುಂಬ. ದಂಟು ಮಾತ್ರ ಬಳಸಿ, ಎಲೆ ಎರಡೇ ಎರಡು ಸಾಕು. ಸಿಗಲೇ ಇಲ್ಲವೆಂದರೆ ಕ್ಯಾರೆಟ್ಟು ತುಸು ಹೆಚ್ಚಿಸಿ ಸುಮ್ಮನಿರಿ. ಕೊತ್ತಂಬರಿ ಕಡ್ಡಿ ಹಾಕಿದರೆ ಸಾಸು ಆ ಕ್ಷಣವೇ ಪಾಸ್‌ಪೋರ್ಟು ಬದಲಾಯಿಸುತ್ತದೆ.

ಈಗ ಅರ್ಧ ಲೋಟ ಕೆಂಪು ವೈನು. ಸಿಹಿಯಿಲ್ಲದ್ದು. ಉರಿ ಹೆಚ್ಚಿಸಿ, ತಳಕ್ಕೆ ಅಂಟಿದ್ದೆಲ್ಲ ಕರಗಿ, ಹೆಂಡದ ಮೂಗುಕಟ್ಟುವ ವಾಸನೆ ಹೋಗುವವರೆಗೆ ಇಂಗಿಸಬೇಕು. ನೀರಿಗೆ ಕರಗದ ಕೆಲವು ಘಮಗಳನ್ನು ಮದ್ಯ ಬಿಡಿಸಿ ಕೊಡುತ್ತದೆ. ಮನೆಗೆ ವೈನು ತರದವರು ಬಿಸಿನೀರು ಹಾಕಿ ಕೆರೆದರೂ ನಡೆಯುತ್ತದೆ, ಶೇಕಡಾ ಹತ್ತು ನಷ್ಟವೆಂದು ನನ್ನ ನಾಲಿಗೆಯ ಅಂದಾಜು. ಹುಳಿಗೆಂದು ಹುಣಸೆ ಹಿಂಡಲು ಕೈ ಹೋಗುತ್ತದೆ, ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಳ್ಳಿ.

ಟೊಮ್ಯಾಟೊ ಇಟಲಿಯದ್ದಲ್ಲ, ಅಮೆರಿಕ ಖಂಡದಿಂದ ಹೋದದ್ದು. ನೇಪಲ್ಸಿನ ಆಂತೊನಿಯೊ ಲತಿನಿ ಎಂಬಾತ 1690ರ ದಶಕದಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಟೊಮ್ಯಾಟೊ ಸಾಸು ಮೊದಲು ಕಾಣಿಸಿಕೊಳ್ಳುವುದೂ 'ಸ್ಪೇನಿನ ರೀತಿಯದ್ದು' ಎಂಬ ಹಣೆಪಟ್ಟಿಯೊಂದಿಗೆ. ಫ್ಲಾರೆನ್ಸಿನಲ್ಲಿ ನೆಲೆಸಿದ್ದ ಪೆಲ್ಲೆಗ್ರಿನೊ ಅರ್ತೂಸಿ 1891ರಲ್ಲಿ, ತನ್ನ ಎಪ್ಪತ್ತೊಂದನೇ ವಯಸ್ಸಿನಲ್ಲಿ, ಸ್ವಂತ ಖರ್ಚಿನಿಂದ ಹೊರತಂದ ಅಡುಗೆ ಪುಸ್ತಕ ಇಟಲಿಯ ಮನೆಮನೆಯ ಪುಸ್ತಕವಾಯಿತು. ಅದರಲ್ಲಿ ಒಬ್ಬ ಪಾದ್ರಿಯ ಕಥೆ ಬರುತ್ತದೆ. ಊರಿನ ಎಲ್ಲರ ಸಂಸಾರದಲ್ಲೂ ಮೂಗು ತೂರಿಸುತ್ತಿದ್ದ ಆತನಿಗೆ ಜನ ಇಟ್ಟ ಹೆಸರು ಡಾನ್ ಪೊಮೊದೊರೊ, ಟೊಮ್ಯಾಟೊ ಸ್ವಾಮಿ. ಎಲ್ಲದರೊಳಗೂ ಇರುವವನು. ಮಜಾ ಎಂದರೆ, ಅದೇ ಪುಸ್ತಕದ ಬೊಲೊನ್ಯಾ ಶೈಲಿಯ ಮಾಂಸದ ಮಕರೋನಿಯಲ್ಲಿ ಈ ಸ್ವಾಮಿಯ ಸುಳಿವೇ ಇಲ್ಲ.

ನಮಗೆ ಕೋಲಾರದ ಮಂಡಿ ಹತ್ತಿರ. ಆದರೆ ಹದಿನೈದು ಕೆಜಿ ಕ್ರೇಟುಗಳಲ್ಲಿ ದೇಶ ಸುತ್ತುವ ಹೈಬ್ರಿಡ್ ಹಣ್ಣು ಲಾರಿಗೆ ಹೇಳಿಮಾಡಿಸಿದ್ದು: ಗಟ್ಟಿ ಸಿಪ್ಪೆ, ತಿರುಳು ಹೆಚ್ಚು, ಹುಳಿ ಕಡಿಮೆ. ನಾಟಿ ಹಣ್ಣಿಗೆ ಹುಳಿಯಿದೆ, ರಸವಿದೆ, ಮೈಯಿಲ್ಲ. ಎರಡನ್ನೂ ನಾನೂರು ನಾನೂರು ಗ್ರಾಂ ತೆಗೆದುಕೊಂಡು, ಅಡ್ಡಕ್ಕೆ ಹೋಳು ಮಾಡಿ, ತುರಿಯುವ ಮಣೆಗೆ ಉಜ್ಜಿ. ಸಿಪ್ಪೆ ಅಂಗೈಯಲ್ಲಿ ಉಳಿಯುತ್ತದೆ, ತಿರುಳು ಪಾತ್ರೆಗೆ ಬೀಳುತ್ತದೆ. ವೆಸೂವಿಯಸ್ ತಪ್ಪಲಿನ ಸಾನ್ ಮರ್ಜಾನೊ ಡಬ್ಬಿಯೇ ಬೇಕೆಂದು ಹಟ ಹಿಡಿಯುವ ಗೆಳೆಯರಿದ್ದಾರೆ. ಆ ದುಡ್ಡಿಗೆ ನಾನು ಎಣ್ಣೆ ಕೊಳ್ಳುತ್ತೇನೆ. ಒಂದು ಚಮಚ ಟೊಮ್ಯಾಟೊ ಪೇಸ್ಟನ್ನು ಮಾತ್ರ, ಹಣ್ಣು ಸುರಿಯುವ ಮುಂಚೆ, ಎಣ್ಣೆಯಲ್ಲಿ ಇಟ್ಟಿಗೆ ಬಣ್ಣಕ್ಕೆ ಹುರಿಯಿರಿ. ಸಕ್ಕರೆ ಬೇಡ, ಕ್ಯಾರೆಟ್ಟು ಆ ಕೆಲಸ ಮುಗಿಸಿದೆ. ಒರೆಗಾನೊ ಪೊಟ್ಟಣಗಳು ಡ್ರಾಯರಿನಲ್ಲೇ ಇರಲಿ.

ನಂತರ ಒಂದು ಗಂಟೆ, ಅರ್ಧ ಮುಚ್ಚಳ, ಸಣ್ಣ ಉರಿ. ಗುಳ್ಳೆ ಒಂದೊಂದಾಗಿ ಎದ್ದು ಪಟ್ ಎನ್ನಬೇಕು. ನೇಪಲ್ಸಿನವರು ಈ ಸದ್ದಿಗೆ ಪಿಪ್ಪಿಯಾರೆ ಎಂಬ ಕ್ರಿಯಾಪದವನ್ನೇ ಇಟ್ಟುಕೊಂಡಿದ್ದಾರೆ. ನಮ್ಮ 'ಕೊತಕೊತ' ಸ್ವಲ್ಪ ಜೋರಾಯಿತು. ತಳ ಹಿಡಿಯುವಂತಾದರೆ ಬಿಸಿನೀರು ಒಂದೊಂದೇ ಸೌಟು. ಇನ್ನೂ ಗಟ್ಟಿಮುಟ್ಟಾದ ರುಚಿ ಬೇಕೆನ್ನುವವರು ನಾಲ್ಕು ಚೂರು ಒಣ ಅಣಬೆಯನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ, ಕೊಚ್ಚಿ, ನೆನೆಸಿದ ನೀರನ್ನೂ ಸೋಸಿ ಹಾಕಬಹುದು. 1908ರಲ್ಲಿ ಜಪಾನಿನ ಕಿಕುನಾಯೆ ಇಕೆದ ಕಡಲಕಳೆಯ ಸಾರಿನಲ್ಲಿ ಪತ್ತೆ ಹಚ್ಚಿದ ಗ್ಲುಟಮೇಟ್ ಎಂಬ ರುಚಿಯ ಅಂಶ ಟೊಮ್ಯಾಟೊದಲ್ಲೂ ಧಾರಾಳವಾಗಿದೆ. ಒಣ ಅಣಬೆಯ ಗ್ವಾನಿಲೇಟ್ ಜೊತೆಯಾದರೆ ಒಂದು ಇನ್ನೊಂದನ್ನು ಹೊತ್ತು ಮೆರೆಸುತ್ತದೆ. ಇಡೀ ಮಸೂರವನ್ನು ಒಂದು ಹಿಡಿ ಬೇಯಿಸಿ ಸೇರಿಸುವವರೂ ಉಂಟು, ಅದೂ ರುಚಿಯೇ. ಆದರೆ ಅದು ಬೇರೆ ಅಡುಗೆ, ಅದಕ್ಕೆ ಬೇರೆ ವಾರ.

ಪಾಸ್ತಾ ಯಾವುದು? ಗೀರಿರುವ ಕೊಳವೆ, ರಿಗತೋನಿ. ಸಾಸು ಗೀರಿನಲ್ಲೂ ಹಿಡಿಯುತ್ತದೆ, ಒಳಗೂ ನುಗ್ಗುತ್ತದೆ. ನೂರು ಗ್ರಾಂಗೆ ಒಂದು ಲೀಟರು ನೀರು, ಹತ್ತು ಗ್ರಾಂ ಉಪ್ಪು. ಪೊಟ್ಟಣದ ಮೇಲೆ ಬರೆದದ್ದಕ್ಕಿಂತ ಎರಡು ನಿಮಿಷ ಮೊದಲೇ ಎತ್ತಿ, ಸಾಸಿನ ಬಾಣಲೆಗೇ ಹಾಕಿ, ಬೆಂದ ನೀರು ಒಂದು ಸೌಟು ಸೇರಿಸಿ ಕುಲುಕಿ. ಗಂಜಿಯಂಥ ಆ ನೀರು ಎಣ್ಣೆಯನ್ನೂ ರಸವನ್ನೂ ಒಂದು ಮಾಡುತ್ತದೆ. ಅನ್ನದ ಮೇಲೆ ಸಾರು ಬಡಿಸಿದಂತೆ ಪಾಸ್ತಾದ ಮೇಲೆ ಸಾಸು ಸುರಿಯುವ ಹೋಟೆಲುಗಳನ್ನು ಕಂಡರೆ ನನಗೆ ಕೋಪ. ತುರಿದ ಚೀಸು ಹಾಕುವಾಗ ಕಟ್ಟಾ ಸಸ್ಯಾಹಾರಿಗಳು ಗಮನಿಸಬೇಕಾದ್ದು: ಅಸಲಿ ಪಾರ್ಮಿಜಾನೊ ರೆಜ್ಜಾನೊ ಹೆಪ್ಪುಗಟ್ಟುವುದು ಕರುವಿನ ಜಠರದ ರೆನೆಟ್‌ನಿಂದ, ಅಲ್ಲಿನ ನಿಯಮವೇ ಹಾಗೆ. ಹಸಿರು ಚುಕ್ಕೆಯಿರುವ ಗಟ್ಟಿ ಚೀಸು ನೋಡಿ ಕೊಳ್ಳಿ.

ಮೊನ್ನೆ ಶನಿವಾರ ಇದನ್ನು ಮಾಡಿದಾಗ ಅವ್ವ ಊರಿಂದ ಬಂದಿದ್ದಳು. ಮುಕ್ಕಾಲು ಗಂಟೆ ಈರುಳ್ಳಿ ಹುರಿಯುವುದನ್ನು ಬಾಗಿಲಲ್ಲಿ ನಿಂತು ನೋಡಿದಳು, ಏನೂ ಅನ್ನಲಿಲ್ಲ. ಟಸ್ಕನಿಯವರು ಈ ಎಸರನ್ನು ಪೊಲೆಂತಾದ ಮೇಲೂ ಹಾಕಿಕೊಂಡು ಉಣ್ಣುತ್ತಾರೆ, ಅದು ಮುಸುಕಿನ ಜೋಳದ ಹಿಟ್ಟಿನ ಮುದ್ದೆ ಎಂದು ನಾನು ಹೇಳಿದ್ದೇ ತಪ್ಪಾಯಿತು. ತಟ್ಟೆಯಲ್ಲಿದ್ದ ಪಾಸ್ತಾವನ್ನು ಒಂದೊಂದಾಗಿ ನನ್ನ ತಟ್ಟೆಗೆ ದಾಟಿಸಿದಳು. 'ಈ ಕೊಳ್ವೆ ನೀನೇ ತಿನ್ಕೊ. ಎಸ್ರು ಮಡಗಿರು,' ಎಂದು ಎದ್ದು, ರಾಗಿಹಿಟ್ಟಿನ ಡಬ್ಬ ಎಲ್ಲಿದೆಯೆಂದು ಸೊಸೆಯನ್ನು ಕೇಳುತ್ತಾ ಒಳಗೆ ಹೋದಳು.