ಪ್ರಿಂಟರಿಗೊಂದು ಸ್ವಂತ ವಿಳಾಸ

ಆಡಿಟರ್ ಕಚೇರಿ, ವಕೀಲರ ಚೇಂಬರ್, ಸಹಕಾರ ಸಂಘ, ಖಾಸಗಿ ಶಾಲೆಯ ಆಫೀಸು, ಎಲ್ಲಿಗೆ ಹೋದರೂ ಬೆಳಗಿನ ಹೊತ್ತು ಇಂಥದೊಂದು ಮಾತು ಕಿವಿಗೆ ಬೀಳುತ್ತದೆ: "ಲೆಕ್ಕದ ಮೇಡಂ ಬಂದ್ರಾ? ಅವರ ಸಿಸ್ಟಮ್ ಆನ್ ಮಾಡಿ, ಪ್ರಿಂಟ್ ತೆಗೀಬೇಕು." ಕಚೇರಿಗೆಲ್ಲ ಪ್ರಿಂಟರ್ ಒಂದೇ. ಅದರ ಯುಎಸ್‌ಬಿ ಕೇಬಲ್ ಮೇಡಂ ಅವರ ಕಂಪ್ಯೂಟರಿಗೆ ಸೇರಿದೆ. ಉಳಿದವರೆಲ್ಲ ಆ ಕಂಪ್ಯೂಟರಿನ ಮೂಲಕವೇ ಪ್ರಿಂಟ್ ಕೊಡಬೇಕು. ಅವರು ರಜೆ ಹಾಕಿದರೆ, ಸಿಸ್ಟಮ್ ಸ್ಲೀಪ್‌ಗೆ ಹೋದರೆ, ಅಪ್‌ಡೇಟ್ ಆಗುತ್ತ ಕೂತರೆ ಕಚೇರಿಯ ಕಾಗದಪತ್ರವೆಲ್ಲ ಅಲ್ಲಿಗೇ ನಿಲ್ಲುತ್ತದೆ.

ಈ ಪದ್ಧತಿಗೆ ಶೇರಿಂಗ್ ಎಂದು ಹೆಸರು. ಊರಿಗೆಲ್ಲ ಇರುವ ಒಂದೇ ಬಾವಿಗೆ ಒಬ್ಬರ ಅಡುಗೆಮನೆಯೊಳಗಿಂದ ದಾರಿ ಬಿಟ್ಟಂತೆ ಇದು. ಮಾಡಲು ಹತ್ತು ನಿಮಿಷ ಸಾಕು, ಖರ್ಚಿಲ್ಲ, ಹಾರ್ಡ್‌ವೇರಿನ ಹುಡುಗ ಬಂದು ಮಾಡಿಕೊಟ್ಟು ಹೋಗುತ್ತಾನೆ. ಆಮೇಲಿನ ವರ್ಷಗಳ ತಲೆಬಿಸಿ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಕಚೇರಿಯ ನೆಟ್‌ವರ್ಕಿನಲ್ಲಿ ಪ್ರಿಂಟರ್ ಯಾವ ಕಂಪ್ಯೂಟರಿನ ಬಾಲವೂ ಆಗಿರಬಾರದು; ಅದಕ್ಕೆ ತನ್ನದೇ ವಿಳಾಸ, ತನ್ನದೇ ಹೆಸರು ಇರಬೇಕು. ಅದೊಂದು ಕೆಲಸವನ್ನು ಸರಿಯಾಗಿ ಮಾಡಿದರೆ ಸಣ್ಣ ಕಚೇರಿಗಳ ಪ್ರಿಂಟರ್ ಗೋಳು ಬಹುಪಾಲು ತೀರುತ್ತದೆ.

ಶೇರಿಂಗ್ ಇಷ್ಟು ಬೇರೂರಿರುವುದಕ್ಕೆ ಕಾರಣವೂ ಇದೆ. ಭಾರತದ ಕಚೇರಿಗಳಲ್ಲಿ ವರ್ಷಾನುಗಟ್ಟಲೆ ಮೇಜು ಹಿಡಿದು ಕೂತದ್ದು ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ ಲೇಸರ್‌ಜೆಟ್ 1020ರಂಥ ಯಂತ್ರಗಳು. ಗಟ್ಟಿಮುಟ್ಟು, ಟೋನರ್ ರೀಫಿಲ್ ಎಲ್ಲಿ ಬೇಕಾದರೂ ಸಿಗುತ್ತದೆ, ಬೆಲೆಯೂ ಕೈಗೆಟಕುವಂಥದು. ಆದರೆ ಅವುಗಳ ಬೆನ್ನಿಗಿರುವುದು ಯುಎಸ್‌ಬಿ ಕಿಂಡಿಯೊಂದೇ. ನೆಟ್‌ವರ್ಕ್ ಕೇಬಲ್ ಚುಚ್ಚಲು ಜಾಗವಿಲ್ಲ, ವೈಫೈ ಇಲ್ಲ. ಪುಟದ ಚಿತ್ರವನ್ನು ಕಟ್ಟಿಕೊಡುವ ಕೆಲಸ ಪೂರ್ತಿ ಕಂಪ್ಯೂಟರಿನದು, ಪ್ರಿಂಟರ್ ಅದನ್ನು ಕಾಗದಕ್ಕೆ ಒತ್ತುತ್ತದೆ ಅಷ್ಟೆ. 1020 ಅಂತೂ ಪ್ರತಿಸಲ ಆನ್ ಆದಾಗಲೂ ತನ್ನ ಫರ್ಮ್‌ವೇರನ್ನೇ ಕಂಪ್ಯೂಟರಿನಿಂದ ಪಡೆದುಕೊಳ್ಳಬೇಕು. ಅಗ್ಗದ ಬೆಲೆಯ ಗುಟ್ಟು ಅಲ್ಲಿದೆ. ಇಂಥ ಯಂತ್ರ ಕೊಂಡವರಿಗೆ ಶೇರಿಂಗ್ ಬಿಟ್ಟರೆ ಸುಲಭದ ದಾರಿ ಇರಲಿಲ್ಲ.

ಲೇಸರ್ ಪ್ರಿಂಟರಿನ ಹುಟ್ಟಿನಲ್ಲಿ ಈ ಪರಾಧೀನತೆ ಇರಲಿಲ್ಲ. ಗ್ಯಾರಿ ಸ್ಟಾರ್ಕ್‌ವೆದರ್ 1971ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಕಾಪಿ ಯಂತ್ರವೊಂದನ್ನು ಮಾರ್ಪಡಿಸಿ ಲೇಸರ್ ಪ್ರಿಂಟರ್ ಕಟ್ಟಿದರು. ಅಲ್ಲಿಯ ಆಲ್ಟೊ ಕಂಪ್ಯೂಟರುಗಳನ್ನು ಒಂದಕ್ಕೊಂದು, ಮತ್ತು ಎಲ್ಲವನ್ನೂ ಆ ಪ್ರಿಂಟರಿಗೆ ಜೋಡಿಸುವ ಅಗತ್ಯವಿತ್ತು. ಬಾಬ್ ಮೆಟ್‌ಕಾಫ್ 1973ರ ಮೇ 22ರಂದು ಈಥರ್‌ನೆಟ್‌ನ ಕಲ್ಪನೆಯನ್ನು ಟಿಪ್ಪಣಿಯಾಗಿ ಬರೆದದ್ದು ಅದೇ ಕೇಂದ್ರದಲ್ಲಿ. ಇಂದು ಪ್ರತಿ ಕಚೇರಿಯ ಗೋಡೆಯೊಳಗೆ ಓಡುವ ಲ್ಯಾನ್ ಕೇಬಲ್ಲಿನ ಮೂಲಪುರುಷ ಹುಟ್ಟುವುದಕ್ಕೆ ಪ್ರಿಂಟರನ್ನು ಹಂಚಿಕೊಳ್ಳಬೇಕೆಂಬ ಅಗತ್ಯವೂ ಒಂದು ಕಾರಣ. 1985ರಲ್ಲಿ ಬಂದ ಆಪಲ್ ಲೇಸರ್‌ರೈಟರಿನ ಬೆಲೆ 6,995 ಡಾಲರ್. ಅಷ್ಟು ಹಣ ಸುರಿದು ಒಬ್ಬರಿಗೊಂದು ಕೊಡಿಸುವ ಮಾತೇ ಇಲ್ಲ. ಹಾಗಾಗಿ ಅದನ್ನು ಆಪಲ್‌ಟಾಕ್ ನೆಟ್‌ವರ್ಕಿನ ಮೇಲೆ ಎಲ್ಲರೂ ಬಳಸುವಂತೆ ರೂಪಿಸಿದರು. ಅದರೊಳಗಿನ ಪ್ರೊಸೆಸರ್ 12 ಮೆಗಾಹರ್ಟ್ಸಿನದು; ಅದಕ್ಕೆ ಪ್ರಿಂಟ್ ಕೊಡುತ್ತಿದ್ದ ಮ್ಯಾಕಿಂಟೋಶಿನದು 8 ಮೆಗಾಹರ್ಟ್ಸಿನಷ್ಟೂ ಇರಲಿಲ್ಲ. ಪ್ರಿಂಟರ್ ಸ್ವತಃ ಒಂದು ಕಂಪ್ಯೂಟರ್ ಆಗಿತ್ತು, ಯಾರ ಹಂಗಿನಲ್ಲೂ ಇರಲಿಲ್ಲ. ಅಗ್ಗ ಮಾಡುವ ಭರಾಟೆಯಲ್ಲಿ ಉದ್ಯಮ ಕಳೆದುಕೊಂಡದ್ದು ಈ ಸ್ವಾತಂತ್ರ್ಯವನ್ನೇ.

ಅದರ ನಿಜವಾದ ಬೆಲೆ ಗೊತ್ತಾದದ್ದು 2021ರಲ್ಲಿ.

ವಿಂಡೋಸಿನಲ್ಲಿ ಪ್ರಿಂಟ್ ಸರದಿಯನ್ನು ನೋಡಿಕೊಳ್ಳುವ ಸ್ಪೂಲರ್ ಎಂಬ ಸೇವೆ ಇದೆ. ಆ ವರ್ಷ ಜೂನ್ ಕೊನೆಯಲ್ಲಿ ಅದರೊಳಗಿನ ದೊಡ್ಡ ಲೋಪವೊಂದು ಬಯಲಾಯಿತು. ಪ್ರಿಂಟ್‌ನೈಟ್‌ಮೇರ್ ಎಂದು ಹೆಸರಾದ ಆ ಲೋಪದ ಮೂಲಕ ಹೊರಗಿನವರು ಇಡೀ ಕಂಪ್ಯೂಟರಿನ ಹಿಡಿತ ಪಡೆಯಬಹುದಿತ್ತು. ಬೆಂಬಲ ಮುಗಿದುಹೋಗಿದ್ದ ವಿಂಡೋಸ್ 7ಕ್ಕೂ ಮೈಕ್ರೋಸಾಫ್ಟ್ ಜುಲೈನಲ್ಲಿ ತುರ್ತು ತೇಪೆ ಹಾಕಬೇಕಾಯಿತು. ಆಗಸ್ಟಿನಿಂದ, ಶೇರ್ ಆದ ಪ್ರಿಂಟರಿನ ಡ್ರೈವರ್ ಹಾಕಿಕೊಳ್ಳಲು ಅಡ್ಮಿನ್ ಅಧಿಕಾರ ಬೇಕೇಬೇಕು ಎಂದಾಯಿತು. ಸೆಪ್ಟೆಂಬರಿನ ಅಪ್‌ಡೇಟ್ ಬಂದಮೇಲೆ ಶೇರಿಂಗನ್ನೇ ನಂಬಿದ್ದ ಲೆಕ್ಕವಿಲ್ಲದಷ್ಟು ಕಚೇರಿಗಳಲ್ಲಿ '11ಬಿ' ಎಂದು ಕೊನೆಯಾಗುವ ದೋಷಸಂಖ್ಯೆ ಪರದೆಯ ಮೇಲೆ ಬಂದು ಪ್ರಿಂಟ್ ನಿಂತಿತು. ಆಗ ಹಬ್ಬಿದ ಪರಿಹಾರಗಳು ಎರಡು: ಅಪ್‌ಡೇಟನ್ನು ಕಿತ್ತುಹಾಕುವುದು, ಇಲ್ಲವೆ ರಿಜಿಸ್ಟ್ರಿಯಲ್ಲಿ ಒಂದು ಅಂಕಿಯನ್ನು ಸೊನ್ನೆ ಮಾಡುವುದು. ಎರಡರಿಂದಲೂ ಪ್ರಿಂಟ್ ಬಂತು. ಆದರೆ ಆ ಸೊನ್ನೆ ಹಾಕಿದಾಗ ಬಿಚ್ಚಿಕೊಂಡದ್ದು ಭದ್ರತೆಗೆಂದೇ ಹೊಸದಾಗಿ ಜಡಿದಿದ್ದ ಅಗುಳಿ. ಒಂದು ಬ್ಯಾಲೆನ್ಸ್ ಶೀಟ್ ಪ್ರಿಂಟ್ ತೆಗೆಯಲು ಗ್ರಾಹಕರ ಪ್ಯಾನ್, ಬ್ಯಾಂಕ್ ವಿವರಗಳಿರುವ ಕಂಪ್ಯೂಟರಿನ ಕಾವಲು ಸಡಿಲಿಸುವುದು ಎಂಥ ವ್ಯಾಪಾರ? ನೇರವಾಗಿ ನೆಟ್‌ವರ್ಕಿಗೆ ಸೇರಿದ್ದ ಪ್ರಿಂಟರುಗಳಿಗೆ ಈ ದೋಷಸಂಖ್ಯೆಯ ಕಾಟವೇ ತಟ್ಟಲಿಲ್ಲ.

ಇನ್ನು ನೆಟ್‌ವರ್ಕ್ ಪ್ರಿಂಟರ್ ಕೊಂಡ ಕಚೇರಿಗಳ ಮಾತು. ಯಂತ್ರ ಒಳ್ಳೆಯದು, ಆದರೆ ಜೋಡಣೆ ಅರ್ಧಂಬರ್ಧ. ಪೆಟ್ಟಿಗೆ ಬಿಚ್ಚುತ್ತಾರೆ, ವೈಫೈ ಪಾಸ್‌ವರ್ಡ್ ಹಾಕುತ್ತಾರೆ, ಒಂದು ಪುಟ ಬಂದದ್ದೇ ತಡ, ಮುಗಿಯಿತು ಎನ್ನುತ್ತಾರೆ. ಕೆಲವು ವಾರ ಎಲ್ಲ ಸರಿ. ಒಂದು ದಿನ ಕರೆಂಟು ಹೋಗಿ ಬರುತ್ತದೆ, ಪ್ರಿಂಟರ್ ಆಫ್‌ಲೈನ್ ಎಂದು ತೋರಿಸತೊಡಗುತ್ತದೆ. ಪ್ರಿಂಟರ್ ಕೆಟ್ಟಿತೆಂದು ಫೋನು ಹೋಗುತ್ತದೆ. ಕೆಟ್ಟಿರುವುದು ಯಂತ್ರವಲ್ಲ. ಕರೆಂಟು ಮರಳಿದಾಗ ರೂಟರ್ ಹೊಸದಾಗಿ ವಿಳಾಸ ಹಂಚಿದೆ, ನಿನ್ನೆ 192.168.1.7 ಆಗಿದ್ದ ಪ್ರಿಂಟರ್ ಇವತ್ತು 192.168.1.12 ಆಗಿದೆ. ಕಂಪ್ಯೂಟರುಗಳೆಲ್ಲ ಹಳೆಯ ಬಾಗಿಲನ್ನೇ ಬಡಿಯುತ್ತಿವೆ, ಈಗ ಆ ಬಾಗಿಲ ಹಿಂದೆ ಯಾರದೋ ಮೊಬೈಲ್ ಇದ್ದರೂ ಇರಬಹುದು.

ಇದನ್ನು ತಪ್ಪಿಸುವ ಕೆಲಸ ದೊಡ್ಡದಲ್ಲ. ಪ್ರಿಂಟರಿನ ಗುಂಡಿಗಳಿಂದಲೇ ಕಾನ್ಫಿಗರೇಶನ್ ಪುಟವೊಂದನ್ನು ತೆಗೆಯಬಹುದು. ಅದರಲ್ಲಿ ಮ್ಯಾಕ್ ಅಡ್ರೆಸ್ ಎಂಬ ಹನ್ನೆರಡು ಅಕ್ಷರ-ಅಂಕಿಗಳ ಗುರುತು ಅಚ್ಚಾಗಿರುತ್ತದೆ. ರೂಟರಿನ ಸೆಟ್ಟಿಂಗಿಗೆ ಹೋಗಿ, ಈ ಗುರುತಿನ ಸಾಧನಕ್ಕೆ ಯಾವಾಗಲೂ ಇದೇ ವಿಳಾಸ ಎಂದು ಕಾಯ್ದಿರಿಸಿದರೆ ನೂರು ಸಲ ಕರೆಂಟು ಹೋದರೂ ವಿಳಾಸ ಕದಲುವುದಿಲ್ಲ. ಕೆಲವರು ಪ್ರಿಂಟರಿನಲ್ಲೇ ತಮಗೆ ತೋಚಿದ ಸಂಖ್ಯೆ ತುಂಬುತ್ತಾರೆ. ರೂಟರ್ ತಾನಾಗಿ ಹಂಚುವ ಸಂಖ್ಯೆಗಳ ನಡುವೆ ಅದು ಬಿದ್ದಿದ್ದರೆ ಅದೇ ವಿಳಾಸ ಇನ್ನೊಂದು ಸಾಧನಕ್ಕೂ ಹೋಗಿ ಎರಡೂ ಕಿತ್ತಾಡುತ್ತವೆ. ಕಾಯ್ದಿರಿಸುವ ದಾರಿಯೇ ಮೇಲು. ಲ್ಯಾನ್ ಕೇಬಲ್ ಎಳೆಯಲು ಸಾಧ್ಯವಿದ್ದಲ್ಲಿ ವೈಫೈಯ ಉಸಾಬರಿಯೂ ಬೇಡ. ಹಲವು ಪ್ರಿಂಟರುಗಳು 2.4 ಗಿಗಾಹರ್ಟ್ಸಿನ ವೈಫೈಯನ್ನಷ್ಟೇ ಹಿಡಿಯುತ್ತವೆ, ಪಾಸ್‌ವರ್ಡ್ ಬದಲಾಯಿಸಿದ ದಿನ ಪ್ರಿಂಟರಿಗೆ ಹೇಳುವುದನ್ನು ಎಲ್ಲರೂ ಮರೆಯುತ್ತಾರೆ.

ಕಂಪ್ಯೂಟರಿನ ಕಡೆಯ ಕೆಲಸಕ್ಕೂ ಗಮನ ಬೇಕು. ವಿಂಡೋಸ್ ತಾನಾಗಿ ಹುಡುಕಿ ಸೇರಿಸಿಕೊಂಡ ಪ್ರಿಂಟರ್ ಹಲವು ಸಲ ಡಬ್ಲ್ಯುಎಸ್‌ಡಿ ಎಂಬ ಪೋರ್ಟಿನ ಮೇಲೆ ಕೂರುತ್ತದೆ. ಮನೆಗೆ ಅದು ಸಾಕು, ಕಚೇರಿಯಲ್ಲಿ ಆಗಾಗ ಕೈಕೊಡುತ್ತದೆ. ಕಾಯ್ದಿರಿಸಿದ ವಿಳಾಸವನ್ನು ಕೊಟ್ಟು ಟಿಸಿಪಿ/ಐಪಿ ಪೋರ್ಟನ್ನು ಕೈಯಾರೆ ಸೇರಿಸುವುದು ಕ್ಷೇಮ. ಆಗಲೂ ಒಂದು ಕೀಟಲೆ ಉಳಿಯುತ್ತದೆ: ಪೋರ್ಟಿನ ಸೆಟ್ಟಿಂಗಿನಲ್ಲಿ ಎಸ್‌ಎನ್‌ಎಂಪಿ ಸ್ಥಿತಿಯ ಚೌಕಕ್ಕೆ ಟಿಕ್ ಬಿದ್ದಿದ್ದು ಸ್ಥಿತಿ ಏನೆಂದು ವಿಂಡೋಸ್ ಕೇಳುವ ಪ್ರಶ್ನೆಗೆ ಪ್ರಿಂಟರ್ ಉತ್ತರಿಸದಿದ್ದರೆ, ಚೆನ್ನಾಗಿಯೇ ಇರುವ ಯಂತ್ರವನ್ನು ವಿಂಡೋಸ್ ಆಫ್‌ಲೈನ್ ಎಂದು ಸಾರುತ್ತದೆ. ಟಿಕ್ ತೆಗೆದರೆ ಪ್ರಿಂಟರ್ ಮತ್ತೆ ಆನ್‌ಲೈನ್.

ಪ್ರಿಂಟರ್ ಬೇರೆ ಕೋಣೆಯಲ್ಲಿದ್ದಾಗ ಅದರ ಸ್ಥಿತಿ ಕೂತಲ್ಲಿಗೇ ತಿಳಿಯಬೇಕೆಂಬುದು ಹಳೆಯ ಬೇಡಿಕೆ. 1980ರ ಸುಮಾರಿಗೆ ಎಂಐಟಿಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರ ತಕರಾರು ಇದೇ ಆಗಿತ್ತು. ಹಿಂದಿನ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿದ್ದವರಿಗೆ ಸುದ್ದಿ ಹೋಗುವಂತೆ ಅವರು ಸಾಫ್ಟ್‌ವೇರನ್ನು ತಿದ್ದಿದ್ದರು. ಹೊಸ ಜೆರಾಕ್ಸ್ ಲೇಸರ್ ಪ್ರಿಂಟರಿನ ಮೂಲಸಂಕೇತ ಅವರ ಕೈಗೆ ಸಿಗಲಿಲ್ಲ. ಮುಂದೆ 1983ರಲ್ಲಿ ಗ್ನೂ ಯೋಜನೆ ಘೋಷಿಸಿದ ಅವರು, ಮುಕ್ತ ತಂತ್ರಾಂಶದ ತಮ್ಮ ಹಟಕ್ಕೆ ಈ ಪ್ರಸಂಗವನ್ನು ಕಾರಣವಾಗಿ ಹೇಳುತ್ತ ಬಂದಿದ್ದಾರೆ. 1999ರಲ್ಲಿ ಮೊದಲು ಪ್ರಕಟವಾದ ಐಪಿಪಿ ಎಂಬ ಮುದ್ರಣ ಶಿಷ್ಟಾಚಾರ ಆ ಬೇಡಿಕೆಗೆ ಸರಿಯಾದ ಉತ್ತರ. ಕಾಗದ ಮುಗಿದಿದೆ, ಮುಚ್ಚಳ ತೆರೆದಿದೆ, ಸರದಿಯಲ್ಲಿ ಇಷ್ಟು ಕೆಲಸ ಬಾಕಿ ಎಂದು ಪ್ರಿಂಟರೇ ತಿರುಗಿ ಹೇಳುತ್ತದೆ. ಅದೇ ವರ್ಷ ಮೈಕೆಲ್ ಸ್ವೀಟ್ ಬಿಡುಗಡೆ ಮಾಡಿದ ಕಪ್ಸ್ ಎಂಬ ಮುದ್ರಣ ತಂತ್ರಾಂಶ ಅದನ್ನೇ ಆಧರಿಸಿದೆ. ಲಿನಕ್ಸ್ ಮತ್ತು ಮ್ಯಾಕ್ ಎರಡೂ ಪ್ರಿಂಟ್ ಕೊಡುವುದು ಅದರಿಂದ. 2010ರಲ್ಲಿ ಆಪಲ್ ತಂದ ಏರ್‌ಪ್ರಿಂಟಿನ ಬೆನ್ನೆಲುಬೂ ಐಪಿಪಿಯೇ.

ಜೋಡಣೆ ಮುಗಿಸಿದವರು ನೋಡದೆ ಹೋಗುವ ಇನ್ನೊಂದು ವಿಷಯ ಕಾಗದದ ಅಳತೆ. ವಿಂಡೋಸಿನ ಪ್ರದೇಶ ಅಮೆರಿಕ ಎಂದಿದ್ದರೆ ಡ್ರೈವರಿನ ಕಾಗದ ಲೆಟರ್ ಆಗಿಬಿಡುತ್ತದೆ: 216 ಮಿ.ಮೀ. ಅಗಲ, 279 ಮಿ.ಮೀ. ಉದ್ದ. ನಮ್ಮ ಟ್ರೇಯಲ್ಲಿರುವ ಎ4 ಅಳತೆ 210, 297. ಕೆಲವು ಪ್ರಿಂಟರುಗಳು ಸಿಗದ ಲೆಟರ್ ಕಾಗದಕ್ಕಾಗಿ ದೀಪ ಮಿನುಗಿಸುತ್ತ ಸುಮ್ಮನೆ ನಿಲ್ಲುತ್ತವೆ. ಟ್ರೇ ತುಂಬ ಕಾಗದವಿದ್ದರೂ ಕಾಗದ ಹಾಕಿ ಎನ್ನುತ್ತವೆ. ಸಿಬ್ಬಂದಿ ಟ್ರೇ ಎಳೆದು ಎಳೆದು ಹೈರಾಣಾಗುತ್ತಾರೆ. ಜೋಡಿಸುವವರು ಪ್ರತಿ ಕಂಪ್ಯೂಟರಿನಲ್ಲೂ ಎ4 ಎಂದು ಒಮ್ಮೆ ಆರಿಸಿಟ್ಟಿದ್ದರೆ ಇಷ್ಟು ರಗಳೆ ಇರುತ್ತಿರಲಿಲ್ಲ.

ಕನ್ನಡದಲ್ಲಿ ವ್ಯವಹಾರ ನಡೆಸುವ ಕಚೇರಿಗೆ ನೇರ ನೆಟ್‌ವರ್ಕ್ ಮುದ್ರಣದಿಂದ ಇನ್ನೂ ಒಂದು ಲಾಭವಿದೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಾದ ಪತ್ರಗಳು ಇಂದಿಗೂ ಕಡತಗಳಲ್ಲಿವೆ. ಅವು ಯೂನಿಕೋಡ್ ಅಲ್ಲ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು. ಪೆನ್‌ಡ್ರೈವಿನಲ್ಲಿ ಫೈಲು ಹಾಕಿಕೊಂಡು ಪ್ರಿಂಟರಿರುವ ಕಂಪ್ಯೂಟರಿಗೆ ಓಡುವ ಕಚೇರಿಗಳಲ್ಲಿ ಇದು ನಿತ್ಯದ ಫಜೀತಿ. ಟೈಪಿಸಿದ ಕಂಪ್ಯೂಟರಿನಿಂದಲೇ ನೇರ ಪ್ರಿಂಟ್ ಕೊಟ್ಟರೆ ಪುಟ ಅಲ್ಲಿಯೇ, ಇರುವ ಫಾಂಟಿನಲ್ಲೇ ಕಟ್ಟಿಕೊಂಡು ಹೊರಡುತ್ತದೆ. ಒತ್ತಕ್ಷರ, ದೀರ್ಘ ಯಾವುದೂ ಕೆಡುವುದಿಲ್ಲ.

ಸ್ವಂತ ವಿಳಾಸ ಪಡೆದ ಪ್ರಿಂಟರಿಗೆ ಕಾವಲೂ ಬೇಕು. 2018ರ ನವೆಂಬರಿನಲ್ಲಿ ಯೂಟ್ಯೂಬಿನ ಮೊದಲ ಸ್ಥಾನಕ್ಕಾಗಿ ಪ್ಯೂಡೀಪೈ ಮತ್ತು ಭಾರತದ ಟಿ-ಸೀರೀಸ್ ನಡುವೆ ಪೈಪೋಟಿ ನಡೆದಿದ್ದಾಗ, ಅಭಿಮಾನಿಯೊಬ್ಬ ಲೋಕದ ಬೇರೆಬೇರೆ ಕಡೆಯ ಪ್ರಿಂಟರುಗಳಿಂದ ಪ್ಯೂಡೀಪೈ ಪರವಾದ ಕರಪತ್ರ ಹೊರಬರುವಂತೆ ಮಾಡಿದ. ಸುಮಾರು 50,000 ಪ್ರಿಂಟರುಗಳನ್ನು ಮುಟ್ಟಿದೆನೆಂದು ಅವನ ಹೇಳಿಕೆ. 9100ನೇ ಪೋರ್ಟ್ ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದ ಯಂತ್ರಗಳವು. ಕೀಲಿ ಒಡೆಯುವ ಶ್ರಮವೂ ಬೇಕಿರಲಿಲ್ಲ. ಮನೆಯಿಂದಲೂ ಪ್ರಿಂಟ್ ಕೊಡಲೆಂದು ರೂಟರಿನಲ್ಲಿ ಪೋರ್ಟ್ ತೆರೆದಿಡುವವರು ಇದನ್ನು ನೆನೆಯಬೇಕು. ಪ್ರಿಂಟರಿನ ಅಡ್ಮಿನ್ ಪಾಸ್‌ವರ್ಡನ್ನು ಕಂಪನಿ ಕೊಟ್ಟಂತೆಯೇ ಬಿಡುವುದೂ ತಪ್ಪು. ಸಂಬಳದ ಪಟ್ಟಿ, ಪ್ರಶ್ನೆಪತ್ರಿಕೆಯಂಥವನ್ನು ಪಿನ್ ಒತ್ತಿದ ಮೇಲಷ್ಟೇ ಹೊರಬರುವಂತೆ ಕಳಿಸುವ ಸೌಲಭ್ಯ ಹಲವು ಕಚೇರಿ ಪ್ರಿಂಟರುಗಳಲ್ಲಿದೆ. ಅದನ್ನು ಆನ್ ಮಾಡಿದ ಕಚೇರಿ ಕಾಣಸಿಗುವುದು ಅಪರೂಪ.

ಹೊಸದಾಗಿ ಕೊಳ್ಳುವವರು ನಿಮಿಷಕ್ಕೆಷ್ಟು ಪುಟ ಎಂದು ಕೇಳುವ ಮೊದಲು ಈಥರ್‌ನೆಟ್ ಪೋರ್ಟ್ ಇದೆಯೇ, ಏರ್‌ಪ್ರಿಂಟ್ ಅಥವಾ ಮೊಪ್ರಿಯಾ ಗುರುತು ಇದೆಯೇ ಎಂದು ಕೇಳುವುದು ಒಳ್ಳೆಯದು. ಅವಿದ್ದರೆ ಪ್ರತಿ ಮಾಡೆಲ್ಲಿಗೊಂದು ಡ್ರೈವರ್ ಹುಡುಕುವ ಕೆಲಸ ತಪ್ಪುತ್ತದೆ. ಪ್ರಿಂಟರ್ ಕಂಪನಿಗಳ ಡ್ರೈವರುಗಳಿಂದ ದೂರ ಸರಿಯುವ ವೇಳಾಪಟ್ಟಿಯನ್ನು ಮೈಕ್ರೋಸಾಫ್ಟ್ 2023ರಲ್ಲೇ ಪ್ರಕಟಿಸಿದೆ: ಅದರಂತೆ 2027ರ ಜುಲೈಯಿಂದ ವಿಂಡೋಸ್ ಅಪ್‌ಡೇಟಿನ ಮೂಲಕ ಆ ಡ್ರೈವರುಗಳಿಗೆ ಸಿಗುವುದು ಭದ್ರತೆಯ ತಿದ್ದುಪಡಿ ಮಾತ್ರ. ಯುಎಸ್‌ಬಿ ಒಂದನ್ನೇ ನಂಬಿದ ಹಳೆಯ ಪ್ರಿಂಟರನ್ನು ಇನ್ನೂ ಬಿಡಲಾಗದ ಕಚೇರಿಗಳು ಅದನ್ನು ಯಾರೂ ಕೂರದ ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಸಿಕ್ಕಿಸಿ, ಸ್ಲೀಪ್ ಆಗದಂತೆ ಮಾಡಿ, ಅದಕ್ಕೂ ವಿಳಾಸ ಕಾಯ್ದಿರಿಸಿ ನಡೆಸಬಹುದು. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಪ್ರೊಟೆಕ್ಟೆಡ್ ಪ್ರಿಂಟ್ ಎಂಬ ಹೊಸ ಆಯ್ಕೆ ಬಂದಿದೆ. ಆ ಡೆಸ್ಕ್‌ಟಾಪಿನಲ್ಲಿ ಅದನ್ನು ಆನ್ ಮಾಡಬಾರದು. ಮಾಡಿದರೆ ಕಂಪನಿಯ ಡ್ರೈವರ್ ನಂಬಿಕೊಂಡ ಪ್ರಿಂಟರ್ ಪಟ್ಟಿಯಿಂದಲೇ ಮಾಯವಾಗುತ್ತದೆ.